ನೀರು ಕೇಳಿದರೆ ‘ಯಾವ ನೀರು?’ ಅಂತ ಯಾಕೆ ಕೇಳುತ್ತೇನೆ ಅಂದರೆ

ಹೇಳಿ ಹೇಳಿ ಬಾಯಿ ಒಣಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನು ಕಳಿಸಿ ಸುಮ್ಮನಾಗುತ್ತೇನೆ.

ವಿಷಯ ಇಷ್ಟೇ. ಮನೆಗೆ ಬಂದವರು ‘ಸ್ವಲ್ಪ ನೀರು ಕೊಡಿ’ ಅಂದರೆ ನನ್ನ ಬಾಯಿಂದ ತಾನಾಗಿ ಬರುವ ಮಾತು ‘ಯಾವ ನೀರು?’. ಆಫೀಸಿನಲ್ಲೂ ಅಷ್ಟೇ. ಪಕ್ಕದ ಸೀಟಿನವಳು ಬಾಟಲಿ ಕೊಟ್ಟು ‘ನೀರು ತುಂಬಿಸ್ಕೊಂಡು ಬಾರೇ’ ಅಂದರೂ ‘ಯಾವ ನೀರು?’. ಆಗ ಅವಳು ನನ್ನ ಮುಖ ನೋಡುತ್ತಾಳೆ. ಆಮೇಲೆ ಅದೇ ನಗು, ಅದೇ ಪ್ರಶ್ನೆ: ‘ನೀರು ಅಂದ್ರೆ ನೀರು. ಅದರಲ್ಲಿ ಯಾವ ನೀರು ಅಂತ ಏನು ಕೇಳೋದು?’

ಇದಕ್ಕೊಂದು ತಂಗಿ ಪ್ರಶ್ನೆಯೂ ಇದೆ. ನಾನು ‘ಸಿಹಿನೀರು’ ಅಂದ ತಕ್ಷಣ ‘ಸಕ್ಕರೆ ಹಾಕ್ತೀರಾ?’ ಅನ್ನೋದು. ಮೊದಲ ಸಲ ಕೇಳಿದವರ ಜೊತೆ ನಾನೂ ನಕ್ಕಿದ್ದೆ. ಹತ್ತನೇ ಸಲಕ್ಕೆ ಬರೀ ಹಲ್ಲು ಕಿರಿದೆ. ಈಗ ‘ಹೌದು, ಏಲಕ್ಕಿನೂ ಹಾಕ್ತೀವಿ’ ಅಂತೀನಿ. ಒಬ್ಬರು ನಂಬಿದರು.

ನಾನು ಕೋಲಾರ ಜಿಲ್ಲೆಯವಳು. ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಹಳ್ಳಿ, ಈಗ ಬಂಗಾರಪೇಟೆಯಲ್ಲೇ ಮನೆ, ಕೆಲಸ ಬೆಂಗಳೂರಲ್ಲಿ, ದಿನಾ ರೈಲು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಕ್ಕದ ಚಿಕ್ಕಬಳ್ಳಾಪುರದ ನಂದಿ ಬೆಟ್ಟದ ಸುತ್ತಮುತ್ತ ಪಾಲಾರ್, ಎರಡು ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹುಟ್ಟೋದು ಇಲ್ಲಿ, ಬಾಳೋದು ಬೇರೆ ಊರಲ್ಲಿ. ನಮ್ಮೂರ ಹುಡುಗರ ಹಾಗೇ. ಪಾಲಾರ್ ಅಂದರೆ ತಮಿಳಿನಲ್ಲಿ ಹಾಲಿನ ಹೊಳೆ. ಹಾಲೂ ಇಲ್ಲ, ಹೊಳೆಯೂ ಇಲ್ಲ, ಹೆಸರು ಮಾತ್ರ ಗಟ್ಟಿ.

ಇವತ್ತು ನಮ್ಮ ಅಡುಗೆಮನೆಯಲ್ಲಿ ನಾಲ್ಕು ನೀರಿವೆ. ಕ್ಯಾನ್ ನೀರು ಕುಡಿಯೋಕೆ, ಕಾಫಿಗೆ, ಬೇಳೆಗೆ. ನಲ್ಲಿ ನೀರು, ಬಂದ ದಿನ, ಅಕ್ಕಿ ತರಕಾರಿ ತೊಳೆಯೋಕೆ. ಬೋರ್ ನೀರು ಪಾತ್ರೆಗೆ, ಬಟ್ಟೆಗೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಅದರ ಜಾತಕ ಡ್ರೈವರಿಗೆ ಮಾತ್ರ ಗೊತ್ತು. ನಾಲ್ಕೂ ನೋಡೋಕೆ ಒಂದೇ ಥರ. ಒಂದರ ಬದಲು ಇನ್ನೊಂದು ಬಿದ್ದರೆ ಅಡುಗೆ ಕೆಟ್ಟಿತು ಅಂತಲೇ ಲೆಕ್ಕ. ‘ನಿನ್ನ ಬೇಳೆ ಇಲ್ಲಿ ಬೇಯಲ್ಲ’ ಅಂತ ನೀವೆಲ್ಲ ಗಾದೆ ಥರ ಹೇಳುತ್ತೀರಿ. ನಮ್ಮಲ್ಲಿ ಅದು ಗಾದೆಯಲ್ಲ, ಬೋರ್ ನೀರಿನ ವಿವರಣೆ. ಕುಕ್ಕರ್ ಎಷ್ಟು ಸಲ ಕೂಗಿದರೂ ತೊಗರಿಬೇಳೆ ಕಾಳು ಕಾಳಾಗಿ ನಿಮ್ಮನ್ನೇ ನೋಡುತ್ತಿರುತ್ತದೆ. ಆ ನೀರಲ್ಲಿ ತಲೆ ತೊಳೆದರೆ ಕೂದಲು ತೆಂಗಿನ ನಾರು. ಸೀಗೆಕಾಯಿ ಎಷ್ಟು ಉಜ್ಜಿದರೂ ನೊರೆ ಬರಲ್ಲ. ಟೀಗಿಟ್ಟರೆ ಹಾಲು ಒಡೆಯುತ್ತದೆ. ಈ ಹಾಲು ಒಡೆಯುವ ವಿಚಾರಕ್ಕೆ ಆಮೇಲೆ ಬರುತ್ತೇನೆ. ಬರದೆ ವಿಧಿಯಿಲ್ಲ.

ನಾನು ಚಿಕ್ಕವಳಿದ್ದಾಗ ಕ್ಯಾನೂ ಇರಲಿಲ್ಲ, ಟ್ಯಾಂಕರೂ ಇರಲಿಲ್ಲ. ಹೆಸರುಗಳು ನಾಲಿಗೆ ಇಟ್ಟ ಹೆಸರುಗಳು. ಸೀನೀರು. ಉಪ್ಪುನೀರು. ನಡುವೆ ಸಪ್ಪೆ ನೀರು, ಅಂದರೆ ಬಾಯಿಗೆ ಉಪ್ಪಲ್ಲ, ಬೇಳೆಗೂ ಒಗ್ಗಲ್ಲ. ಅರ್ಧ ಊರಿನ ಮನೆಮಾತು ತೆಲುಗು. ಅವರಿಗೆ ಕುಡಿಯೋ ನೀರು ‘ಮಂಚಿನೀಳ್ಳು’. ಮಂಚಿ ಅಂದರೆ ಒಳ್ಳೆಯದು. ನೀರಿಗೇ ಸರ್ಟಿಫಿಕೇಟು ಕೊಟ್ಟಂಗೆ. ಇನ್ನೊಂದು ಮಜಾ, ತೆಲುಗಿನಲ್ಲಿ ನೀರು ಬಹುವಚನ. ‘ನೀಳ್ಳು ಉನ್ನಾಯಿ’, ಅಂದರೆ ನೀರುಗಳು ಇವೆ. ನಲ್ಲಿ ಮುಂದೆ ಸಾಲು ನಿಂತು, ಒಂದೇ ಕೊಡ ಸಿಕ್ಕು, ‘ನೀರುಗಳು’ ಅನ್ನೋಕೆ ಅವರಿಗೆ ಹೇಗೆ ಮನಸ್ಸು ಬರುತ್ತಿತ್ತೋ.

ಪಕ್ಕದ ಮನೆ ಖಾಲಾ ದಖ್ಖನಿಯಲ್ಲಿ ‘ಮೀಠಾ ಪಾನಿ’, ‘ಖಾರಾ ಪಾನಿ’ ಅನ್ನುತ್ತಿದ್ದರು. ಅವರ ಖಾರಾ ನಮ್ಮ ಉಪ್ಪು. ನನಗದು ಗೊತ್ತಿರಲಿಲ್ಲ. ಅವರ ಮನೆ ಬೋರಿಂಗಿನಲ್ಲಿ ಮೆಣಸಿನಕಾಯಿ ನೀರು ಬರುತ್ತದೆ ಅಂತ ಎಷ್ಟೋ ದಿನ ನಂಬಿದ್ದೆ. ಆಮೇಲೆ ಬಂಗಾರಪೇಟೆಗೆ ಬಂದು ಇಲ್ಲಿನ ಪಾನಿಪುರಿ ತಿಂದಾಗ ನನ್ನ ಮಾತೇ ನಿಜವಾಯಿತು. ಬೇರೆ ಊರುಗಳಲ್ಲಿ ಪಾನಿ ಹಸಿರು, ಕಂದು. ಬಂಗಾರಪೇಟೆಯ ಪಾನಿ ನೋಡೋಕೆ ಬರೀ ನೀರು, ಗ್ಲಾಸಿನ ಆಚೆ ಬದಿ ಕಾಣುತ್ತದೆ. ಬಾಯಿಗಿಟ್ಟರೆ ಮೂಗು, ಕಿವಿ ಎಲ್ಲ ಎದ್ದು ಕೂರುತ್ತವೆ. ಹೊರಗಿನವರು ಮೋಸ ಹೋದೆವು ಅಂತಾರೆ. ನೀರನ್ನು ಕಣ್ಣಲ್ಲಿ ನೋಡಿ ನಂಬಿದರೆ ಇನ್ನೇನಾಗುತ್ತೆ?

ರೈಲಿನಲ್ಲಿ ನಮ್ಮ ಬೋಗಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಾರೆ. ಅವರ ವಾದ ಬೇರೆ. ‘ಇಷ್ಟೊಂದು ಹೆಸರು ಯಾಕಮ್ಮ? ಕುಡಿಯುವ ನೀರು ಅಂತ ಚೆಂದದ ಕನ್ನಡ ಇದೆಯಲ್ಲ, ಒಂದೇ ಮಾತು ಸಾಕು.’ ಸರಿ ಸಾರ್. ಆದರೆ ‘ಕುಡಿಯುವ’ ಅಂತ ಮುಂದೆ ಸೇರಿಸಿದ ಮೇಲೆ ಕುಡಿಯದೇ ಇರುವ ನೀರೂ ಇದೆ ಅಂತ ಒಪ್ಪಿಕೊಂಡ ಹಾಗಾಯಿತಲ್ವಾ? ಬಸ್ ಸ್ಟ್ಯಾಂಡಿನ ನಲ್ಲಿ ಮೇಲೆ ‘ಕುಡಿಯುವ ನೀರು’ ಅಂತ ಬೋರ್ಡ್ ಹಾಕಿದ್ದಾರೆ ಅಂದರೆ ಆ ಬೋರ್ಡೇ ‘ಯಾವ ನೀರು?’ ಅನ್ನೋ ಪ್ರಶ್ನೆಗೆ ಉತ್ತರ. ಪ್ರಶ್ನೆ ಕೇಳಿದವಳು ನಾನೊಬ್ಬಳೇ ಅಲ್ಲ.

ಇನ್ನೂ ಒಂದು ವಿಷಯ ಹೇಳಿ ಅವರ ತಲೆ ತಿಂದೆ. ಹಿಂದಿಯ ‘ಪಾನಿ’ ಬಂದಿದ್ದು ಸಂಸ್ಕೃತದ ‘ಪಾನೀಯ’ದಿಂದ. ಪಾನೀಯ ಅಂದರೆ ಕುಡಿಯಬಹುದಾದದ್ದು. ಹಾಗಾಗಿ ಆ ಕಡೆಯವರು ನೀರಿಗೆ ‘ಕುಡಿಯೋದು’ ಅಂತಲೇ ಹೆಸರಿಟ್ಟುಬಿಟ್ಟರು. ಆಮೇಲೆ ಚರಂಡಿಯಲ್ಲಿ ಹರಿಯೋದಕ್ಕೂ ಅದೇ ಹೆಸರು. ನಾವು ಆ ತಪ್ಪು ಮಾಡಲಿಲ್ಲ. ನೀರು ಅಂದರೆ ನೀರು, ಅಷ್ಟೇ. ಕುಡಿಯಬಹುದಾ ಬೇಡವಾ ಅನ್ನೋದನ್ನ ಬೇರೆಯಾಗಿ ಕೇಳಿ ತಿಳ್ಕೋಬೇಕು. ನಾನು ಮಾಡೋದೂ ಅದನ್ನೇ.

ಅದೇ ಪಾನೀಯ ಕನ್ನಡಕ್ಕೆ ಬಂದು ಅಂಗಡಿ ಬೋರ್ಡಿನ ‘ತಂಪು ಪಾನೀಯ’ ಆಯಿತು. ಅದರ ಅಣ್ಣತಮ್ಮಂದಿರು ನೋಡಿ. ರಾಮನವಮಿಯ ಪಾನಕ ಒಬ್ಬ, ಪಾನನಿಷೇಧದ ಪಾನ ಇನ್ನೊಬ್ಬ. ಶರಬತ್ತು, ಶರಾಬು ಎರಡೂ ಅರಬ್ಬಿಯಲ್ಲಿ ಕುಡಿಯೋದು ಅನ್ನುವ ಒಂದೇ ಬೇರಿಂದ ಬಂದವು. ಒಂದು ಮದುವೆ ಮನೆ ಬಾಗಿಲಲ್ಲಿ, ಇನ್ನೊಂದು ಮದುವೆ ಮನೆ ಹಿತ್ತಲಲ್ಲಿ. ನಮ್ಮ ‘ಕುಡಿ’ಯ ಕಥೆಯೂ ಅದೇ. ಮುಂದೆ ಕಾಫಿ, ಮಜ್ಜಿಗೆ, ಎಳನೀರು ಅಂತ ಏನಾದರೂ ಇದ್ದರೆ ಮರ್ಯಾದಸ್ತ ಮಾತು. ಒಂಟಿಯಾಗಿ ಬಿಟ್ಟರೆ ಸೀದಾ ವೈನ್ ಶಾಪಿಗೆ ಹೋಗಿ ನಿಲ್ಲುತ್ತದೆ. ಸಂಬಂಧ ನೋಡುವಾಗ ‘ಹುಡುಗ ಕುಡೀತಾನಾ?’ ಅಂತ ಕೇಳಿದರೆ ‘ಹೌದು, ದಿನಾ ಎರಡು ಲೋಟ ಅಂಬಲಿ’ ಅಂತ ಯಾರೂ ಹೇಳಲ್ಲ. ಅದಕ್ಕೇ ಮನೆಗೆ ಬಂದವರನ್ನು ‘ಏನು ಕುಡೀತೀರಾ’ ಅನ್ನೋಕಿಂತ ‘ಏನು ತಗೊಳ್ತೀರಾ’ ಅನ್ನೋದು ಜಾಸ್ತಿ. ಇನ್ನು ಆ ಪದಾರ್ಥಕ್ಕಿರುವ ಹೆಸರುಗಳು! ಎಣ್ಣೆ, ಗುಂಡು, ತೀರ್ಥ. ಸಾರಾಯಿ ಇದ್ದಾಗ ಪ್ಯಾಕೆಟ್ಟು. 2007ರ ಜುಲೈನಿಂದ ಸಾರಾಯಿ ನಿಂತಿತು, ಮಾತು ಮಾತ್ರ ನಿಲ್ಲಲಿಲ್ಲ. ಇದಕ್ಕೆಲ್ಲ ಇಷ್ಟು ಹೆಸರಿದ್ದರೆ ಯಾರಿಗೂ ಆಶ್ಚರ್ಯ ಇಲ್ಲ. ನೀರಿಗೆ ನಾಲ್ಕು ಹೆಸರು ಅಂದರೆ ನನ್ನ ಕಡೆ ಬೆರಳು ತೋರಿಸಿ ನಗು.

ನಗುವವರು ಹೆಚ್ಚಿನ ಪಾಲು ಬೆಂಗಳೂರಿನವರು. ಅವರದ್ದೊಂದು ಬಾಡಿಗೆ ಮನೆ ಬೋರ್ಡ್ ಓದಿ. ‘ಕಾವೇರಿ ಮತ್ತು ಬೋರ್ ನೀರು ಇದೆ.’ ಅಲ್ಲಿ ನೀರಿಗೆ ಹೆಸರಿದ್ದರೆ ಬಾಡಿಗೆ ಎರಡು ಸಾವಿರ ಜಾಸ್ತಿ. ಇಲ್ಲಿ ಹೆಸರಿದ್ದರೆ ಹಳ್ಳಿ ಅಭ್ಯಾಸ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರುಗಳು ಒಣಗಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಆ ತಿಂಗಳು ನಮ್ಮ ಆಫೀಸಿನಲ್ಲಿ ಕೈ ತೊಳೆಯೋ ಮುಂಚೆ ಎಲ್ಲರೂ ಕೇಳುತ್ತಿದ್ದ ಮಾತು ಏನು ಹೇಳಿ? ‘ಇದು ಯಾವ ನೀರು?’ ನಾನು ಏನೂ ಅನ್ನಲಿಲ್ಲ. ಡಬ್ಬಿ ತೆಗೆದು ಊಟ ಮಾಡಿದೆ. ಅವತ್ತು ಮುದ್ದೆ ಬಸ್ಸಾರು ಬಹಳ ರುಚಿಯಾಗಿತ್ತು.

ಅಂದ ಹಾಗೆ ಬೆಂಗಳೂರಿನವರೇ, ನೀವು ಬೆಳಿಗ್ಗೆ ಸ್ನಾನ ಮಾಡಿ ಬಿಟ್ಟ ನೀರಿಗೂ ನಮ್ಮೂರಲ್ಲಿ ಒಂದು ಹೆಸರಿದೆ. ‘ಕೆ.ಸಿ. ವ್ಯಾಲಿ ನೀರು’. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಕಾಗದದ ಮೇಲೆ ಅದು ‘ಸಂಸ್ಕರಿಸಿದ ನೀರು’. ಟೀ ಅಂಗಡಿಯಲ್ಲಿ ‘ಬೆಂಗಳೂರು ನೀರು’. ಜಗಳ ಬಂದಾಗ ಇನ್ನೊಂದು ಹೆಸರಿದೆ, ಇಲ್ಲಿ ಬರೆಯಲ್ಲ. ವರ್ಷಗಟ್ಟಲೆ ಜಾಲಿ ಬೆಳೆದಿದ್ದ ಕೆರೆಯಲ್ಲಿ ನೀರು ನಿಂತಿದ್ದು ನೋಡಿ ನನಗೂ ಖುಷಿಯಾಯಿತು, ಸುಳ್ಳು ಹೇಳಲ್ಲ. ಆದರೆ ಅದು ಕುಡಿಯೋಕೆ ಬಿಟ್ಟ ನೀರಲ್ಲ, ಅಂತರ್ಜಲ ಏರಲಿ ಅಂತ ಬಿಟ್ಟಿದ್ದು. ಮೂರನೇ ಹಂತವೂ ಶುದ್ಧ ಮಾಡಿ ಕೊಡಿ ಅಂತ ಇಲ್ಲಿನ ಜನ ಕೇಳುತ್ತಲೇ ಇದ್ದಾರೆ. ಈಗ ಹೇಳಿ, ಕೆರೆ ದಡದ ಮನೆಯವರು ‘ಯಾವ ನೀರು?’ ಅಂತ ಕೇಳಬೇಕೋ ಬೇಡವೋ?

ಇಷ್ಟೆಲ್ಲ ಹೇಳಿದ್ದು ಸಭೆಯಲ್ಲಿ ಕೊಡುವ ಉತ್ತರ. ನಿಜವಾದ ಉತ್ತರ ಬೇರೆ ಇದೆ. ಅದನ್ನು ಹೋದ ತಿಂಗಳ ತನಕ ಯಾರಿಗೂ ಹೇಳಿರಲಿಲ್ಲ.

1994ರ ಬೇಸಿಗೆ. ನನಗೆ ಹನ್ನೊಂದು ವರ್ಷ. ಅಕ್ಕನನ್ನು ನೋಡೋಕೆ ಗಂಡಿನ ಕಡೆಯವರು ಬರುವವರಿದ್ದರು. ಮೈಸೂರಿನವರು, ನಲ್ಲಿ ತಿರುಗಿಸಿದರೆ ಕಾವೇರಿ ಬರುವ ಮನೆ. ಅಪ್ಪ ಒಂದು ವಾರದಿಂದ ಗೋಡೆಗೆ ಸುಣ್ಣ ಹೊಡೆಸಿ, ಪಕ್ಕದ ಮನೆಯಿಂದ ಕುರ್ಚಿ ತಂದು, ‘ಮೈಸೂರಿನವರು, ಮೈಸೂರಿನವರು’ ಅಂತ ಜಪ ಮಾಡುತ್ತಿದ್ದರು. ಅಮ್ಮ ಬೆಳಿಗ್ಗೆಯೇ ಕೇಸರಿಬಾತು, ಉಪ್ಪಿಟ್ಟು ಮಾಡಿಟ್ಟಿದ್ದಳು. ಒಲೆ ಪಕ್ಕದಲ್ಲಿ ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಬಿಂದಿಗೆ, ಅದರ ತುಂಬ ಸೀನೀರು. ಕಾಫಿಗೆ ಅಂತಲೇ ಮೀಸಲು. ಜಗಲಿ ಮೇಲೆ ಹೊಸ ಮಡಕೆಯಲ್ಲಿ ಬಂದವರಿಗೆ ಕುಡಿಯೋಕೆ ಬೇರೆ ಸೀನೀರು. ಬಾಗಿಲ ಮೂಲೆಯಲ್ಲಿ ಸ್ಟೀಲಿನ ಬಿಂದಿಗೆ. ಅದು ಉಪ್ಪುನೀರು, ಕೈಕಾಲಿಗೆ.

ಅವರು ಬಂದರು. ಅಮ್ಮ ನಡುಮನೆಯಲ್ಲಿ ಕೂತು ಮಾತಾಡುತ್ತಾ, ಕಣ್ಣಲ್ಲೇ ನನಗೆ ಸನ್ನೆ ಮಾಡಿದಳು: ಕಾಫಿಗೆ ನೀರಿಡು. ನಾನು ಒಳಗೆ ಓಡಿದೆ. ಕರೆಂಟು ಹೋಗಿತ್ತು. ತಾಮ್ರದ ಬಿಂದಿಗೆಯ ಬಾಯಿಗೆ ತಟ್ಟೆ ಮುಚ್ಚಿತ್ತು. ತಟ್ಟೆಯ ಮೇಲೆ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಎರಡು ತೆಂಗಿನಕಾಯಿ, ಅರಿಶಿನ ಕುಂಕುಮದ ಬಟ್ಟಲು, ಎಲ್ಲ ಜೋಡಿಸಿ ಇಟ್ಟಿದ್ದರು. ಅದನ್ನೆಲ್ಲ ಇಳಿಸಿ, ನೀರು ತೆಗೆದು, ಮತ್ತೆ ಹಾಗೇ ಜೋಡಿಸಬೇಕು. ಕುಂಕುಮ ಚೆಲ್ಲಿದರೆ ಅಪಶಕುನ ಅಂತ ಬೈಗುಳ ಬೇರೆ. ಬಾಗಿಲ ಮೂಲೆಯ ಬಿಂದಿಗೆ ಬಾಯಿ ತೆರೆದುಕೊಂಡು ನಿಂತಿತ್ತು.

ನೀರು ಅಂದರೆ ನೀರು ಅಂತ ಅವತ್ತು ಅಂದುಕೊಂಡವಳು ನಾನೇ.

ಅಮ್ಮ ಬಂದು ಪುಡಿ ಹಾಕಿ, ಹಾಲು ಸಕ್ಕರೆ ಬೆರೆಸಿ, ಮಂದ ಬೆಳಕಲ್ಲಿ ಲೋಟಗಳಿಗೆ ಬಗ್ಗಿಸಿದಳು. ಅಕ್ಕ ತಟ್ಟೆ ಹಿಡಿದು ಹೋದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗಂಡಿನ ಸೋದರಮಾವ ಒಂದು ಗುಟುಕು ಕುಡಿದರು. ಲೋಟ ಕೆಳಗಿಳಿಸಿ ಒಳಗೆ ಇಣುಕಿದರು. ಒಡೆದ ಹಾಲು ಮೊಸರಿನ ಚೂರಿನ ಹಾಗೆ ತೇಲುತ್ತಿತ್ತು. ಆಮೇಲೆ ಬಹಳ ಗಂಭೀರವಾಗಿ ಅಪ್ಪನನ್ನು ಕೇಳಿದರು: ‘ನಿಮ್ಮ ಕಡೆ ಕಾಫಿಗೆ ಉಪ್ಪು ಹಾಕೋ ಪದ್ಧತಿ ಇದೆಯಾ ಯಜಮಾನ್ರೇ?’

ಅಪ್ಪನ ಮುಖದಲ್ಲಿ ನೀರಿಳಿಯಿತು. ಅದು ಯಾವ ನೀರು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಹುಡುಗ ಲೋಟ ಮುಟ್ಟಲಿಲ್ಲ. ಇನ್ನೊಬ್ಬರು ಮರ್ಯಾದೆಗೆ ಅರ್ಧ ಕುಡಿದರು. ಅಮ್ಮ ‘ಹಾಲು ಕೆಟ್ಟಿತ್ತು ಅನ್ಸುತ್ತೆ, ಬಿಸಿಲು ನೋಡಿ’ ಅಂತ ಏನೇನೋ ಹೇಳಿದಳು. ಮಾರನೇ ದಿನ ಬೆಳಿಗ್ಗೆ ಹಾಲಿನವನಿಗೆ ಬಾಗಿಲಲ್ಲೇ ಪೂಜೆ. ಪಾಪ, ಅವನು ತಾಯಾಣೆ ಇಟ್ಟ, ದೇವರಾಣೆ ಇಟ್ಟ. ನಾನು ಕಂಬದ ಹಿಂದೆ ನಿಂತು ಪಾಠ ಓದುತ್ತಿದ್ದೆ. ಹತ್ತು ದಿನಕ್ಕೆ ಮೈಸೂರಿಂದ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಜಾತಕ ಕೂಡಿಬರಲಿಲ್ಲವಂತೆ. ಜಾತಕ ನೋಡಿ ಒಪ್ಪಿದ ಮೇಲೇ ಅವರು ಹೆಣ್ಣು ನೋಡೋಕೆ ಬಂದಿದ್ದು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವತ್ತಿಂದ ನನಗೆ ಈ ಕಾಯಿಲೆ. ಯಾರು ನೀರು ಅಂದರೂ ‘ಯಾವ ನೀರು?’. ನಗುವವರು ನಗಲಿ. ನಿಮ್ಮ ಕೈಯಲ್ಲಿ ಯಾರ ಮದುವೆಯೂ ಮುರಿದಿಲ್ಲ, ಅಲ್ವಾ?

ಆದರೆ ಇಲ್ಲಿಯ ತನಕ ಓದಿದವರು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಆ ತಾಮ್ರದ ಬಿಂದಿಗೆಯ ಸೀನೀರು ಎಲ್ಲಿಂದ ಬಂದಿತ್ತು? ಯಾರು ತಂದಿದ್ದರು?

ಅಕ್ಕ ತಂದಿದ್ದಳು. ಹೆಣ್ಣು ತೋರಿಸುವ ದಿನ, ಇನ್ನೂ ಕತ್ತಲಿರುವಾಗಲೇ ಎದ್ದು. ಊರ ಬಾವಿ ಬತ್ತಿ ಎರಡು ವರ್ಷವಾಗಿತ್ತು. ಬೋರಿಂಗ್ ಒತ್ತಿದರೆ ಬರುವುದು ಉಪ್ಪು. ಸೀನೀರು ಅಂದರೆ ಒಂದು ಮೈಲಿ ಆಚೆ ಮಾವಿನ ತೋಪಿನ ಬಾವಿ. ತೋಪಿನ ಯಜಮಾನರು ಬಿಸಿಲೇರುವ ತನಕ ಸೇದಿಕೊಳ್ಳೋಕೆ ಬಿಡುತ್ತಿದ್ದರು. ಎಲ್ಲರಿಗೂ ಅಲ್ಲ. ನಮ್ಮ ಕೇರಿಯವರು ಹಗ್ಗ ಇಳಿಸಬಹುದು. ಇನ್ನೊಂದು ಕೇರಿಯ ಹೆಂಗಸರು ಬಿಂದಿಗೆ ಇಟ್ಟುಕೊಂಡು ಮರದ ಕೆಳಗೆ ಕಾಯಬೇಕು, ಯಾರಾದರೂ ಸೇದಿ ಎತ್ತಿ ಹುಯ್ಯುವ ತನಕ. ಅದೇ ಬಾವಿ, ಅದೇ ಸೀನೀರು. ನಾನು ಅಕ್ಕನ ಜೊತೆ ಹೋದಾಗಲೆಲ್ಲ ಇದನ್ನು ನೋಡಿದ್ದೇನೆ. ಆ ಕಾಲಕ್ಕೆ ಅದು ನನಗೆ ಪ್ರಶ್ನೆಯಾಗಿ ಕಾಣಲೇ ಇಲ್ಲ. ‘ಯಾವ ನೀರು?’ ಅಂತ ಸಾವಿರ ಸಲ ಕೇಳಿದ ನನಗೆ ‘ಯಾರ ನೀರು?’ ಅಂತ ಕೇಳೋಕೆ ಇಷ್ಟು ವಯಸ್ಸಾಗಬೇಕಾಯಿತು.

ಅವತ್ತು ಅಕ್ಕ ಎರಡು ಸಲ ಹೋಗಿ ಬಂದಳು. ಒಂದು ಬಿಂದಿಗೆ ತಲೆ ಮೇಲೆ ಸಿಂಬಿ ಇಟ್ಟು, ಒಂದು ಸೊಂಟದಲ್ಲಿ. ಹಗ್ಗ ಎಳೆದು ಅಂಗೈ ಕೆಂಪಗೆ ಗೀರಾಗಿತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾ ‘ಕಾಫಿ ಕೊಡುವಾಗ ಅಂಗೈ ಕಾಣದ ಹಾಗೆ ತಟ್ಟೆ ಹಿಡ್ಕೋ’ ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಬೇರೆ ಜಿಲ್ಲೆಯವರು ನಮ್ಮ ಕಡೆಗೆ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡುತ್ತಿದ್ದರು, ‘ನೀರಿಲ್ಲದ ಊರು’ ಅಂತ. ನಮ್ಮ ಹೆಣ್ಣುಮಕ್ಕಳು ಆಚೆ ಹೋಗುವಾಗ ಕೈ ಮುಚ್ಚಿಕೊಳ್ಳಬೇಕಿತ್ತು.

ಈಗ ಹಳ್ಳಿಯಲ್ಲಿ ತಲೆ ಮೇಲೆ ಬಿಂದಿಗೆ ಕಡಿಮೆಯಾಗಿದೆ. ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಅಷ್ಟುದ್ದ ಯಾರೂ ಹೇಳಲ್ಲ, ‘ಫಿಲ್ಟರ್’ ಅಂದರೆ ಸಾಕು. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬೀಳುತ್ತದೆ. ಒಂದು ತಮಾಷೆ ಗಮನಿಸಿದ್ದೀರಾ? ನೀರು ತಲೆ ಮೇಲೆ ಬರುವ ತನಕ ಹೆಂಗಸರ ಕೆಲಸ. ಟಿವಿಎಸ್ ಮೇಲೆ ಬರೋಕೆ ಶುರುವಾದ ದಿನದಿಂದ ಗಂಡಸರ ಕೆಲಸ. ‘ಫಿಲ್ಟರ್ ಹತ್ರ ಹೋಗಿ ಬರ್ತೀನಿ’ ಅಂತ ಎದ್ದು ಹೋದ ನನ್ನ ತಮ್ಮ ಎರಡು ಗಂಟೆ ಬರಲ್ಲ. ಅಲ್ಲಿ ರಾಜಕೀಯ, ಟೊಮೇಟೊ ರೇಟು ಎಲ್ಲ ಸೋಸಿ ಬರಬೇಕಲ್ಲ.

ಫಿಲ್ಟರ್ ಬಂದ ಮೇಲೆ ನಮ್ಮ ಹಳೇ ಹೆಸರುಗಳ ಮಾನವೂ ಹೋಯಿತು. ಊರಲ್ಲಿ ಸಾವಿರ ಅಡಿ ಕೊರೆಸಿದ ಒಂದು ಬೋರಿತ್ತು. ನೀರು ಎಷ್ಟು ಸಿಹಿ ಅಂದರೆ ಪಕ್ಕದ ಊರಿಂದಲೂ ಬರುತ್ತಿದ್ದರು. ಪರೀಕ್ಷೆ ಮಾಡಿದಾಗ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ಸರಿ ಅಂತ ಮಾನದಂಡ. ಗ್ರಾನೈಟ್ ಬಂಡೆಯ ಸಂದಿಯಲ್ಲಿ ಎಷ್ಟೋ ವರ್ಷ ಕೂತ ನೀರು ಬಂಡೆಯಿಂದ ಅದನ್ನು ಕರಗಿಸಿಕೊಂಡು ಬರುತ್ತದೆ. ರುಚಿ ಇಲ್ಲ, ವಾಸನೆ ಇಲ್ಲ. ನಾಲಿಗೆ ಇಟ್ಟ ಹೆಸರಿಗೆ ಸಿಕ್ಕುವ ಕಳ್ಳನಲ್ಲ ಅದು. ‘ಕಾಯಿಸಿ ಕುಡೀಬೇಕಿತ್ತು’ ಅನ್ನುವ ಬುದ್ಧಿವಂತರಿಗೆ: ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿ ಇದೆ. ಹಲ್ಲು ಮೂಡುವ ವಯಸ್ಸಲ್ಲಿ ಕುಡಿದ ನೀರಿನ ಸಹಿ. ಕೆಲವರು ಮೆಲ್ಲಗೆ ‘ಹೊಗೆಸೊಪ್ಪಾ?’ ಅಂತ ಕೇಳುತ್ತಾರೆ. ಇಲ್ಲ, ಮಂಚಿನೀಳ್ಳು.

ಹೆಸರನ್ನು ನಂಬೋಕಾಗಲ್ಲ ಅಂದರೆ ಅಂಗಡಿ ಬಾಟಲಿಯದ್ದೂ ಅದೇ ಕಥೆ. ಯಾವ ಕಂಪನಿಯದ್ದಾದರೂ ‘ಬಿಸ್ಲೇರಿ ಕೊಡಿ’ ಅಂತೀವಿ; ಅದು ಇಟಲಿಯ ಒಬ್ಬರ ಮನೆತನದ ಹೆಸರು. ‘ಮಿನರಲ್ ವಾಟರ್’ ಅಂತೀವಿ. ಲೇಬಲ್ ಓದಿದರೆ ಹೆಚ್ಚಿನವು ಬರೀ ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’. ಎರಡಕ್ಕೂ ಐಎಸ್‌ಐ ನಂಬರೇ ಬೇರೆ. ಬಾಟಲಿ ನೀರಿಗೆ 14543, ನಿಜವಾದ ಖನಿಜ ನೀರಿಗೆ 13428. ಮುಂದಿನ ಸಲ ಬಾಟಲಿ ತಿರುಗಿಸಿ ನೋಡಿ. ನೋಡಿದರೆ ನೀವೂ ‘ಯಾವ ನೀರು?’ ಅಂತ ಕೇಳಿದ ಹಾಗೇ.

ಅಕ್ಕನ ವಿಷಯ ಮುಗಿಸುತ್ತೇನೆ. ಮುಂದಿನ ವರ್ಷವೇ ಅವಳಿಗೆ ಮಂಡ್ಯ ಕಡೆ ಮದುವೆಯಾಯಿತು. ಮನೆ ಹಿಂದೆಯೇ ನಾಲೆ. ಹೋದ ತಿಂಗಳು ಬಂದಿದ್ದಳು. ರಾತ್ರಿ ಊಟ ಆದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಕೂತಿದ್ದೆವು. ಏನು ಹೊಳೆಯಿತೋ, ಹೇಳಿಬಿಟ್ಟೆ. ‘ಅಕ್ಕ, ಅವತ್ತು ಮೈಸೂರಿನವರ ಕಾಫಿಗೆ ಉಪ್ಪುನೀರು ಇಟ್ಟಿದ್ದು ನಾನು. ಹಾಲಿನವನ ತಪ್ಪಲ್ಲ.’

ಅವಳು ತಲೆ ಎತ್ತಲೂ ಇಲ್ಲ. ‘ಗೊತ್ತಿತ್ತು ಕಣೇ. ತಾಮ್ರದ ಬಿಂದಿಗೆ ತುಂಬಿಟ್ಟೋಳು ನಾನಲ್ವಾ. ಅವರು ಹೋದ್ಮೇಲೆ ತಟ್ಟೆ ತೆಗೆದು ನೋಡ್ತೀನಿ, ಒಂದು ಲೋಟನೂ ಕಮ್ಮಿ ಆಗಿರ್ಲಿಲ್ಲ.’

‘ಮತ್ತೆ ಅಮ್ಮಂಗೆ ಹೇಳ್ಲಿಲ್ಲ ಯಾಕೆ?’

‘ಹೇಳಿದ್ರೆ ಆ ನೀರನ್ನ ನಾಳೆ ಸಾರಿಗೆ ಅಂತ ಎತ್ತಿಟ್ಟು ಬಿಡೋಳು.’ ಲೋಟ ಬೋರಲು ಹಾಕಿ ನಕ್ಕಳು. ‘ಹಿತ್ತಲಿಗೆ ತಗೊಂಡು ಹೋಗಿ ಪೂರ್ತಿ ಬಿಂದಿಗೆ ತಲೆಗೆ ಸುರ್ಕೊಂಡೆ. ಸೀಗೆಕಾಯಿ ಎಷ್ಟು ನೊರೆ ಬಂತು ಗೊತ್ತಾ?’